ಜಲಜಕ್ಕನ ಅಬ್ಬಿಗೆ ಮುಖ ಬರೆಯಹೋದದ್ದು

ಒಂದೇ ಕೆಲಸ ಬಲ್ಲವನಿಗೆ ಊರಲ್ಲಿ ಮರ್ಯಾದೆ ಇದೆ. ಮೂರು ಕೆಲಸ ಬಲ್ಲವನನ್ನು ಮೂರೂ ಕಡೆಯವರು ಪಕ್ಕದ ಮನೆಗೆ ದಾಟಿಸುತ್ತಾರೆ. ಬ್ರಹ್ಮಾವರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ನಾನು ಚಿತ್ರ ಬರೆಯುತ್ತೇನೆ, ಜನರನ್ನು ಕೂರಿಸಿ ಫೋಟೋ ತೆಗೆಯುತ್ತೇನೆ, ಗೆದ್ದಲು ತಿಂದ ಹಳೆಯ ಪಟಗಳನ್ನು ರಿಪೇರಿ ಮಾಡುತ್ತೇನೆ. ಚಿತ್ರಕಾರರು ನನ್ನನ್ನು ಫೋಟೋದವನು ಅನ್ನುತ್ತಾರೆ, ಫೋಟೋದವರು ಪೇಂಟರ್ ಅನ್ನುತ್ತಾರೆ. ಹೆಂಡತಿ ಈ ಬಗ್ಗೆ ಇದುವರೆಗೆ ಏನೂ ಹೇಳಿಲ್ಲ. ನನಗೆ ಭಯ ಇರುವುದೇ ಅದರ ಬಗ್ಗೆ.

ಮಾರ್ಕೆಟ್ಟಿನಲ್ಲಿ ಮೀನು ಮಾರುವ ಜಲಜಕ್ಕ ಒಂದು ಬೆಳಿಗ್ಗೆ ಹಳೆಯ ಸೀರೆಯಲ್ಲಿ ಸುತ್ತಿದ ಪಟವೊಂದನ್ನು ಮೇಜಿನ ಮೇಲಿಟ್ಟು, "ಹ್ವಾಯ್, ಇದ್ ನನ್ ಅಬ್ಬಿ. ಸಮ ಮಾಡಿ ಕೊಡುಕೆ ಆತ್ತಾ?" ಎಂದಳು. ಅಬ್ಬಿ ಅಂದರೆ ನಮ್ಮ ಕಡೆ ತಾಯಿ. ಪಟ ತಂದೆ ತಾಯಿಯರು ಮದುವೆಯಾದ ಹೊಸತರಲ್ಲಿ ತೆಗೆಸಿದ್ದು. ಫೋಟೋ ತೆಗೆದು, ಅದರ ಮೇಲೆ ಕುಂಚದಿಂದ ಬಣ್ಣ ಹಚ್ಚಿದ ಕೆಲಸ. ಮಾಡಿದವನು ಯಾರೋ, ನನ್ನ ಹಾಗೆಯೇ ಎರಡು ದೋಣಿಯಲ್ಲಿ ಕಾಲಿಟ್ಟವನು. ಅಪ್ಪ ಮೀಸೆ ಸಮೇತ ಗಟ್ಟಿಮುಟ್ಟಾಗಿ ಕೂತಿದ್ದರು. ತಾಯಿಯ ಮುಖವಿರಬೇಕಾದಲ್ಲಿ ಗೆದ್ದಲು ತಿಂದ ತೂತು. ಅದರ ಕೆಳಗೆಲ್ಲ ಕಪ್ಪು ಬೂಷ್ಟು.

ಜಲಜಕ್ಕ ಹಸುಗೂಸಾಗಿದ್ದಾಗಲೇ ತಾಯಿ ತೀರಿಹೋಗಿದ್ದರು. ಪೆಟ್ಟಿಗೆಯ ತಳದಲ್ಲಿ ಎಷ್ಟೋ ವರ್ಷ ಬಿದ್ದಿದ್ದ ಈ ಪಟ ಬಿಟ್ಟರೆ ಬೇರೆ ಇಲ್ಲ. ಅಳಿಯ ಮೊಬೈಲಿನಲ್ಲಿ ಏನೋ ಒತ್ತಿ ಮುಖ ಬರಿಸಿದನಂತೆ. ಬಂದದ್ದು ಯಾವುದೋ ಸಿನಿಮಾ ನಟಿ. "ಅವ್ಳ್ ಕಂಡ್ರೆ ಮೀನ್ ಕೊಯ್ಯು ಜಾತಿ ಅಂತ ಕಾಂತಿಲ್ಲೆ," ಎಂದಳು ಜಲಜಕ್ಕ.

"ಇದ್ದದ್ದನ್ನು ರಿಪೇರಿ ಮಾಡಬಹುದು ಜಲಜಕ್ಕ, ಇಲ್ಲದ ಮುಖ ಎಲ್ಲಿಂದ ತರಲಿ?" ಎಂದೆ.

"ನನ್ನ ಕಂಡ್ಕಂಡ್ ಬರ್ದ್ ಕೊಡಿ. ಸಣ್ಣಕಿಪ್ಪಾಗ ನಾ ಅತ್ರೆ ಸಾಕ್, ಎಲ್ರೂ 'ಅಬ್ಬಿ ಬೇಕಾರೆ ಕನ್ನಡಿ ಕಾಣ್ ಹೆಣೆ' ಅಂತಿದ್ರ್. ನಾ ಕಾಂತಿದ್ದೆ."

ಅಬ್ಬಿಗಾಗಿ ಅತ್ತಾಗಲೆಲ್ಲ ಕನ್ನಡಿ ನೋಡಿಕೊಂಡು ಬೆಳೆದವಳು. ಅವಳನ್ನು ಕೂರಿಸಿ ಫೋಟೋ ತೆಗೆದೆ. ಅಜ್ಜಿಯಾದ ಮಗಳ ಮುಖದಿಂದ ಮದುವಣಗಿತ್ತಿ ತಾಯಿಯನ್ನು ತೆಗೆಯಬೇಕು! ಅದನ್ನು ನೋಡಿ ಬೇರೆ ಕಾಗದದಲ್ಲಿ ಬರೆಯುತ್ತಾ ಸುಕ್ಕು ಅಳಿಸಿದೆ, ಗಲ್ಲ ತುಂಬಿಸಿದೆ, ಮೂಗನ್ನು ನಾಲ್ಕು ಬಗೆಯಲ್ಲಿ ಬರೆದೆ. ಸೊಗಸಾಗಿಯೇ ಬಂತು. ಆದರೂ ಒಂದು ಮಾತು ಕೇಳಿಬಿಡೋಣವೆಂದು ಇಬ್ಬರೂ ಬಸ್ಸು ಹಿಡಿದು ಗುಲ್ವಾಡಿಗೆ ಹೋದೆವು. ತಾಯಿಯನ್ನು ಕಂಡವರಲ್ಲಿ ಉಳಿದಿದ್ದವಳು ಅಲ್ಲಿರುವ ಅವಳ ತಂಗಿ, ಜಲಜಕ್ಕನ ಚಿಕ್ಕಿ, ಒಬ್ಬಳೇ.

ಚಿಕ್ಕಿ ನನ್ನ ಚಿತ್ರವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಇದ್ ಯಾರ್?" ಎಂದಳು.

"ನನ್ ಅಬ್ಬಿ. ನನ್ ಮುಖ ಕಂಡ್ ಬರ್ದದ್."

"ನಿನ್ ಮುಖವಾ? ನೀ ಅಪ್ಪನ ಅಚ್ಚಲ್ದಾ ಹೆಣೆ! ಅವ್ಳ್ ಬೇರೆಯೇ. ತಬ್ಬಲಿ ಮಗು ಅಳ್ತಿತ್ತ್, ಸಮಾಧಾನಕ್ಕೆ ಎಂತೋ ಹೇಳ್ತಿದ್ರಪ್ಪ."

ಹೊರಗೆ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ನಾನು ನೆಲ ನೋಡಿದೆ. ಮಾರ್ಕೆಟ್ಟಿನಲ್ಲಿ ಯಾರಿಗೂ ಸೋಲದ ಹೆಂಗಸು ಚಿಕ್ಕಿಯ ಕೈಯಿಂದ ಚಿತ್ರವನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, "ಹಂಗಾರೆ ಇಷ್ಟ್ ವರ್ಷ ಕನ್ನಡೀಲಿ ನಾ ಕಂಡದ್ದ್ ಆ ಮೀಸಿ ಅಪ್ಪಯ್ಯನ್ನಾ?" ಎಂದವಳಿಗೆ ನಗು ಉಕ್ಕಿ ಬಂತು. ಕಣ್ಣಲ್ಲಿ ನೀರೂ ಬಂತು. ಅಂಗೈಯ ಹಿಂಬದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಚಿಕ್ಕಿ ಆ ಕೈಯನ್ನು ಹಿಡಿದುಬಿಟ್ಟಳು. "ಇದ್! ಇದ್ ಅವ್ಳ್ದ್! ಅವ್ಳಿಗ್ ಒಂದ್ ಹಲ್ಲ್ ಸೊಟ್ಟ. ನಗಾಡ್ರೆ ಹೀಂಗೇ ಮುಚ್ಕಂತಿದ್ಲ್. ಪಟ ತೆಗುವಾಗ್ಲೂ ಹಂಗೇ. 'ಕೈ ಕೆಳಗ್ ಬಿಡಿ' ಅಂದೇಳಿ ಆ ಪಟದವ ಬೈದದ್ದೇ ಬೈದದ್. ನಿಂಗ್ ಯಾರ್ ಕಲ್ಸ್‌ದ್ ಇದ್?"

ಜಲಜಕ್ಕನ ಹಲ್ಲು ಸಾಲಾಗಿ, ನೆಟ್ಟಗಿವೆ. ಮುಚ್ಚಿಕೊಳ್ಳಲು ಕಾರಣವೇ ಇಲ್ಲ.

ಮಾರನೆಯ ದಿನ ಪಟದ ಬೂಷ್ಟನ್ನು ಒದ್ದೆ ಹತ್ತಿಯಿಂದ ಸ್ವಲ್ಪಸ್ವಲ್ಪವೇ ತೆಗೆಯುತ್ತಾ ಬಂದೆ. ತೂತಿನ ಕೆಳಗೆ ಎದೆಯ ಹತ್ತಿರ ಬಳೆ ಕಂಡಿತು, ಆಮೇಲೆ ಬೆರಳು. ಪಟದವನ ಬೈಗುಳಕ್ಕೂ ಬಗ್ಗದೆ ಕೈ ಮೇಲೇರುತ್ತಿತ್ತು. ಅಲುಗಿದ್ದರಿಂದ ಹೊಗೆಯಂತೆ ಮಸುಕಾಗಿತ್ತು. ಪುಣ್ಯಾತ್ಮ ಅದನ್ನು ಬಣ್ಣದಲ್ಲಿ ಮುಚ್ಚಿಹಾಕದೆ, ಬಳೆಗೆ ಮಾತ್ರ ಹಸಿರು ಹಚ್ಚಿ ಬಿಟ್ಟಿದ್ದ.

ಜಲಜಕ್ಕನನ್ನು ಕರೆಸಿ ತೋರಿಸಿದೆ. ಮೀನಿನ ಬುಟ್ಟಿ ಹೊರಗಿಟ್ಟು ಬಂದವಳು ಬಹಳ ಹೊತ್ತು ನೋಡಿದಳು. ಆ ಕೈಯ ಹತ್ತಿರ ತನ್ನ ಕೈ ಹಿಡಿದಳು, ಮುಟ್ಟಲಿಲ್ಲ.

"ಮುಖ ಯಾವಾಗ ಬರೆಯಲಿ?" ಎಂದೆ.

"ಬ್ಯಾಡ. ನೀವ್ ಬರ್ದ್ರೆ ಅದ್ ನಿಮ್ ಅಬ್ಬಿ ಆತ್ತ್. ನಂಗ್ ಇದೇ ಸಾಕ್."

ನಾಲ್ಕು ಮೂಗು ಬರೆದವನಿಗೆ ಸ್ವಲ್ಪ ಬೇಸರವಾಯಿತು ಅಂತಿಟ್ಟುಕೊಳ್ಳಿ. ಆದರೂ ತೂತಿಗೆ ಹಿಂದಿನಿಂದ ಕಾಗದ ಕೊಟ್ಟು, ಸುತ್ತಲಿನ ಬಣ್ಣಕ್ಕೆ ಹೊಂದಿಸಿ, ಕೈಯನ್ನು ಜೋಪಾನ ಮಾಡಿ ಚೌಕಟ್ಟು ಹಾಕಿದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪಟ ಈಗ ಜಲಜಕ್ಕನ ಮನೆಯ ಚಾವಡಿಯಲ್ಲಿದೆ. ಬಂದವರೆಲ್ಲ ಅದನ್ನು ನೋಡುತ್ತಾರೆ, ಮಾಡಿದ್ದು ಯಾರೆಂದು ಕೇಳುತ್ತಾರೆ, ಅವಳು ಹೆಮ್ಮೆಯಿಂದ ನನ್ನ ಹೆಸರು ಹೇಳುತ್ತಾಳೆ. ಮೊನ್ನೆ ಬೈಂದೂರಿನಿಂದ ಅವಳ ನೆಂಟರೊಬ್ಬರು ತಮ್ಮ ಅಜ್ಜನ ಪಟ ಹಿಡಿದು ಬಂದರು. "ಕೋಟು, ಕುರ್ಚಿ ಎಲ್ಲ ಚೆಂದ ಮಾಡಿ ಕೊಡಿ," ಎಂದವರು ನನ್ನ ಮನಸ್ಸು ನೋಯಬಾರದೆಂದು ದನಿ ತಗ್ಗಿಸಿ, "ಮುಖಕ್ಕೆ ಮಾತ್ರ ಕೈ ಹಾಕ್ಬೇಡಿ ಮಾರಾಯ್ರೆ. ನಿಮ್ಗೆ ಮುಖ ಬರೆಯೂಕೆ ಬತ್ತಿಲ್ಲೆ ಅಂತ್ರಲೆ?" ಎಂದರು.

"ಹೌದು, ಅದೊಂದು ಬರುವುದಿಲ್ಲ," ಎಂದು ಅಜ್ಜನನ್ನು ಒಳಗಿಟ್ಟುಕೊಂಡೆ.