ಈ ದಡದ ಪರ್ಷಿಯಾ

ನಗಬಾರದ ಜಾಗದಲ್ಲಿ ನಗೆಪಾಟಲಾಗುವ ಯೋಗ ನನ್ನ ಹಣೆಯಲ್ಲೇ ಬರೆದಿದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ. ಮಸ್ಕತ್ತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೆಂಡತಿ ತೀರಿಕೊಂಡ ಮೇಲಿನ ನಾಲ್ಕು ತಿಂಗಳಲ್ಲಿ ಆದಷ್ಟು ಎಡವಟ್ಟು ಅದಕ್ಕೂ ಮುಂಚಿನ ವರ್ಷಗಳಲ್ಲೆಲ್ಲ ಸೇರಿ ಆಗಿರಲಿಲ್ಲ.

ತೀರಿಕೊಂಡಳು ಅಂತ ಈಗ ಬರೆಯುತ್ತಿದ್ದೇನೆ. ಆಗ ಆ ಮಾತು ಬಾಯಿಗೇ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಕ್ರಿಯಾಕರ್ಮ ಮುಗಿಸಿ ವಾಪಸ್ಸು ಬಂದ ದಿನ ಕಟ್ಟಡದ ವಾಚ್‌ಮನ್ "ಮೇಡಮ್ ಎಲ್ಲಿ?" ಅಂದ. "ಊರಿಗೆ ಹೋಗಿದ್ದಾಳೆ" ಅಂದುಬಿಟ್ಟೆ. ಆಮೇಲೆ ಕಿರಾಣಿ ಅಂಗಡಿಯವನಿಗೂ ಅದೇ, ಇಸ್ತ್ರಿಯವನಿಗೂ ಅದೇ. ಅಳುವೂ ಬರಲಿಲ್ಲ. ಪುಣೆಯಲ್ಲಿರುವ ಮಗಳು ಫೋನಿನಲ್ಲಿ "ಅಪ್ಪಾ, ಜಸ್ಟ್ ಸೇ ಇಟ್ ವನ್ಸ್. ಒಂದ್ಸಲ ಹೇಳಿಬಿಡಿ ಪ್ಲೀಸ್" ಅಂತ ಅಳುತ್ತಿದ್ದಳು. ನಾನು "ಊಟ ಆಯ್ತಾ?" ಅನ್ನುತ್ತಿದ್ದೆ.

ಬದಲಿ ವ್ಯವಸ್ಥೆ

ಹೆಂಡತಿಗೆ ಪರ್ಷಿಯಾದ ಹುಚ್ಚು. ಶಿರಾಜ್, ಇಸ್ಫಹಾನ್, ಯಜ್ದ್‌ನ ಮರುಭೂಮಿ, ಗುಲಾಬಿ ಬೆಳೆಯುವ ಹಳ್ಳಿಗಳು ಅಂತ ಎಂಟೇ ಜನರ ಒಂದು ಪ್ರವಾಸಕ್ಕೆ ನಮ್ಮಿಬ್ಬರ ಹೆಸರನ್ನೂ ಅವಳೇ ಬರೆಸಿದ್ದಳು. ಹೊರಡಲು ವಾರವಿದೆ ಅನ್ನುವಾಗ ಇಲ್ಲಿನ ಅಲ್ ಖುವೈರ್ ಬಡಾವಣೆಯ ಟ್ರಾವೆಲ್ ಏಜೆಂಟ್ ಫೋನ್ ಮಾಡಿದ. ಉಡುಪಿ ಕಡೆಯವನು, ಮಾತಿನಲ್ಲೇ ಮನೆ ಕಟ್ಟುವ ಆಸಾಮಿ.

"ಸಾರ್, ಆ ಕಡೆ ಪರಿಸ್ಥಿತಿ ಸರಿ ಇಲ್ಲ, ವಿಮಾನ ಎಲ್ಲ ಖಲಾಸ್. ಆದ್ರೆ ನೀವು ಎಂತದೂ ಟೆನ್ಶನ್ ಮಾಡ್ಬೇಡಿ. ಇಲ್ಲೇ ಪರ್ಷಿಯಾ ತೋರಿಸ್ತೇನೆ."

"ಇಲ್ಲೇ ಅಂದ್ರೆ?"

"ಇಸ್ಫಹಾನ್ ಬದಲು ಒಮಾನಿನ ನಿಜ್ವಾ. ಯಜ್ದ್ ಬದಲು ನಮ್ಮ ಶರ್ಕಿಯಾ ಮರಳು. ಗುಲಾಬಿ ಹಳ್ಳಿ ನಮ್ಮ ಬೆಟ್ಟದ ಮೇಲೂ ಉಂಟು. ಮರಳು ಎಲ್ಲಿದ್ರೂ ಮರಳೇ ಅಲ್ವಾ ಮಾರ್ರೆ?"

"ನೀಲಿ ಗುಮ್ಮಟದ ಮಸೀದಿ?"

"ಅದಕ್ಕೆ ಬ್ರೋಶರ್‌ನಲ್ಲಿ ಫೋಟೋ ಇದೆ ಸಾರ್, ಬಸ್ಸಲ್ಲಿ ಕೊಡ್ತೇನೆ."

ಕೋಟೆಯಲ್ಲಿ

ಜೊತೆಗಿದ್ದವರಲ್ಲಿ ಮಸ್ಕತ್ತಿನ ಅಲ್ ಅಜೈಬಾದಲ್ಲಿರುವ ಧಾರವಾಡದ ದಂಪತಿ ಮಾತ್ರ ಪರಿಚಿತರು. ಗಂಡ ಎಂಜಿನಿಯರು, ಹಿಂದೂಸ್ತಾನಿ ಸಂಗೀತದ ಭಾರೀ ರಸಿಕರು. ನನ್ನ ಮನೆಯ ಸಂಗತಿ ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಾವು ಅನ್ನುವ ಶಬ್ದ ನನ್ನ ಕಿವಿಗೆ ಬೀಳದಂತೆ ಕಾಯುವ ಕೆಲಸವನ್ನು ಅವರು ತಾವೇ ತಲೆಯ ಮೇಲೆ ಹೊತ್ತುಕೊಂಡಿದ್ದರು. ಅದರಿಂದ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಹೇಳತೀರದು.

ನಿಜ್ವಾದ ಕೋಟೆಯಲ್ಲಿ ಬಾಗಿಲ ಮೇಲೊಂದು ಕಿಂಡಿ. ಗೈಡ್ ಕೂಡ ಏಜೆಂಟೇ. ಉತ್ಸಾಹದಿಂದ ಶುರು ಮಾಡಿದ: "ಶತ್ರುಗಳು ಒಳಗೆ ನುಗ್ಗಿದ್ರೆ ಇಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿದು ಸಾಯಿಸ್ತಿದ್ರು..."

ಧಾರವಾಡದ ಎಂಜಿನಿಯರು ಅವನ ತೋಳು ಜಗ್ಗಿದರು. ಪಿಸುಮಾತು ಅಂದುಕೊಂಡು ಅವರು ಆಡಿದ್ದು ಇಡೀ ಕೋಟೆಗೆ ಕೇಳಿಸಿತು. "ಸಾಯೂ ಮಾತ ಬ್ಯಾಡ್ರೀ, ಅವರ ಮುಂದ. ಬರೇ ಪಾಕದ ಮಾತ ಹೇಳ್ರಿ."

ಹಿಂದಿದ್ದ ಪ್ರವಾಸಿಯೊಬ್ಬ ಮುಗ್ಧವಾಗಿ ಕೇಳಿದ. "ಮತ್ತೆ ಪಾಕ ಬಿದ್ದವರಿಗೆ ಏನಾಗ್ತಿತ್ತು?"

ಗೈಡ್ ನನ್ನ ಮುಖ ನೋಡಿದ, ಧಾರವಾಡದವರ ಮುಖ ನೋಡಿದ.

"ಸ್ವಲ್ಪ ಹುಷಾರು ತಪ್ಪುತ್ತಿತ್ತು" ಅಂದ.

ಮರಳಿನಲ್ಲಿ

ಶರ್ಕಿಯಾದ ಮರಳಿಗೆ ಮೂರು ಗಂಟೆಯ ಬಿಸಿಲಿನಲ್ಲಿ ತಲುಪಿದೆವು. ಕ್ಯಾಂಪಿನ ಮ್ಯಾನೇಜರ್ ಶಿಸ್ತಿನ ಮನುಷ್ಯ. ದಿಬ್ಬ ಹತ್ತಿ ಇಳಿದು ಬಂದವರನ್ನೆಲ್ಲ ಪಟ್ಟಿ ಹಿಡಿದು ಎಣಿಸಿದ. ಪಟ್ಟಿಯಲ್ಲಿ ಎಂಟು, ನಿಂತವರು ಏಳು. ಇಲ್ಲದ ಹೆಸರನ್ನು ಗಟ್ಟಿಯಾಗಿ ಓದಿದ. ನನ್ನ ಹೆಂಡತಿಯ ಹೆಸರು. ಅದನ್ನು ತೆಗೆಸಲು ಏಜೆಂಟ್‌ಗೆ ನಾನು ಹೇಳಿಯೇ ಇರಲಿಲ್ಲ.

"ಯಲ್ಲಾ, ಒಬ್ಬರು ಮೇಡಮ್ ಕಾಣಿಸ್ತಿಲ್ಲ!" ಅಂತ ಕೂಗಿದ್ದೇ ತಡ, ಕ್ಯಾಂಪಿನವರು ನಾಲ್ಕು ದಿಕ್ಕಿಗೂ ಓಡಿದರು. ಎರಡು ಗಾಡಿ ಹೊರಟವು. ಹೆಸರು ಹಿಡಿದು ದಿಬ್ಬದಿಂದ ದಿಬ್ಬಕ್ಕೆ ಕೂಗು. ನಾನು ಒಂದು ಮಾತು ಹೇಳಿದ್ದರೆ ಎಲ್ಲ ನಿಲ್ಲುತ್ತಿತ್ತು. ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗಿ ನಾಲ್ಕು ತಿಂಗಳಾಗಿತ್ತು.

ನಾನೂ ಹುಡುಕಲು ಹೊರಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಲ್ಲರಿಗಿಂತ ದೂರ ಹೋದವನು ನಾನೇ. ಒಂದು ದಿಬ್ಬದ ಆಚೆ ಇಣುಕಿದೆ, ಇನ್ನೊಂದರ ಆಚೆ ಇಣುಕಿದೆ.

ಅಷ್ಟರಲ್ಲಿ ಧಾರವಾಡದವರು ಮ್ಯಾನೇಜರನ ಕಿವಿಯಲ್ಲಿ ವಿಷಯ ಊದಿದ್ದರು. ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದು ಅವನು ಮತ್ತೆ ಎಣಿಸಿದ. ಪಟ್ಟಿಯಲ್ಲಿ ಏಳು, ನಿಂತವರು ಆರು. ಪಾಪ, ಅದೇ ಗಾಡಿಗಳು ನನ್ನನ್ನು ಹುಡುಕಲು ತಿರುಗಿ ಹೊರಟವು.

ಗುಲಾಬಿ ಹಳ್ಳಿ

ಕೊನೆಯದು ಬೆಟ್ಟದ ಮೇಲಿನ ಹಳ್ಳಿ. ಕಾರ್ಯಕ್ರಮಪಟ್ಟಿಯಲ್ಲಿ "ಸ್ಥಳೀಯರ ಮನೆಯಲ್ಲಿ ಆತಿಥ್ಯ" ಅಂತ ಇತ್ತು. ಗೈಡ್ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ, "ನೀವು ಮುಂದೆ ಹೋಗಿ, ಕುರ್ಚಿ ಹಾಕಿರ್ತಾರೆ" ಅಂದ.

ತಿರುವಿನಲ್ಲೇ ಶಾಮಿಯಾನ. ಸಾಲು ಕುರ್ಚಿ, ಬಿಳಿ ನಿಲುವಂಗಿಯ ಗಂಡಸರು, ಖರ್ಜೂರ, ಕಾಫಿ. ಹೆಂಗಸರನ್ನು ಒಳಮನೆಗೆ ಕರೆದೊಯ್ದರು. ನಾವು ಗಂಡಸರು ಠೀವಿಯಿಂದ ಕೂತೆವು. ಇಷ್ಟು ವರ್ಷ ಈ ದೇಶದ ಅನ್ನ ತಿಂದು ಒಬ್ಬ ಒಮಾನಿಯ ಮನೆಯ ಹೊಸ್ತಿಲು ತುಳಿದವರಲ್ಲ ನಾವು. ನಮಗೇನು ಗೊತ್ತು?

"ವ್ಯವಸ್ಥಾ ಭಾರೀ ಚೊಲೋ ಮಾಡ್ಯಾರ" ಅಂದರು ಧಾರವಾಡದವರು. ಮೂಲೆಯಲ್ಲೊಬ್ಬ ತಲೆತಗ್ಗಿಸಿ ಇಂಪಾದ ದನಿಯಲ್ಲಿ ಏನೋ ಪಠಿಸುತ್ತಿದ್ದ. ಇವರು ಕಣ್ಣು ಮುಚ್ಚಿದರು. ಅವನು ಒಂದು ಸ್ವರವನ್ನು ಎಳೆದು ನಿಲ್ಲಿಸಿದ್ದೇ ತಡ, ತೊಡೆ ತಟ್ಟಿ "ವಾಹ್! ಕ್ಯಾ ಬಾತ್ ಹೈ!" ಅಂದರು.

ಶಾಮಿಯಾನವಿಡೀ ತಿರುಗಿ ನೋಡಿತು. ಒಳಮನೆಯಿಂದ ಅವರ ಹೆಂಡತಿ ಬಿಳಿಚಿಕೊಂಡು ಓಡಿಬಂದು "ರೀ, ಸುಮ್ನ ಕೂಡ್ರಿ! ಇದು ಸತ್ತವರ ಮನಿ!" ಅಂದರು.

ನನ್ನ ಪಕ್ಕದಲ್ಲಿದ್ದ ಮುದುಕರು ಮಾತ್ರ ಸಣ್ಣಗೆ ನಕ್ಕರು. ಹರೆಯದಲ್ಲಿ ಬೊಂಬಾಯಿಯಲ್ಲಿದ್ದವರಂತೆ, ಹಿಂದಿ ಸಲೀಸು. "ಬೈಠೋ, ಬೈಠೋ. ಅವಳಿಗೂ ಆ ಹುಡುಗನ ದನಿ ಅಂದ್ರೆ ಪ್ರಾಣ. ನನ್ನ ಹೆಂಡತಿ. ಇವತ್ತು ಎರಡನೇ ದಿನ" ಅಂದರು. ಆಮೇಲೆ ಮಾತಿಗೆ ಮಾತು ಅನ್ನುವಂತೆ ಕೇಳಿದರು. "ನಿಮ್ಮ ಮನೆಯವರು ಬಂದಿಲ್ವಾ?"

ಊರಿಗೆ ಅನ್ನಲು ಬಾಯಿ ತೆರೆದೆ. "ಗುಜರ್ ಗಯೀ" ಅಂತ ಬಂತು, ತೀರಿಕೊಂಡಳು ಅಂತ. "ಚಾರ್ ಮಹೀನೇ ಹುಏ."

ಮುದುಕರು ಎದ್ದು ನಿಂತರು. ನನ್ನ ಕೈ ಹಿಡಿದು ಎಬ್ಬಿಸಿ ತಮ್ಮ ಮಗ್ಗುಲಲ್ಲೇ ನಿಲ್ಲಿಸಿಕೊಂಡರು. ಸಮಾಧಾನ ಹೇಳಲು ಜನ ಬರುತ್ತಲೇ ಇದ್ದರು. ಅವರ ಕೈ ಕುಲುಕಿದವರು ನನ್ನ ಕೈಯನ್ನೂ ಕುಲುಕಿ, ದೇವರ ಹೆಸರಿನಲ್ಲಿ ಒಂದು ಮಾತು ಹೇಳಿ ಮುಂದೆ ಹೋದರು. ಮೂರನೆಯವರ ಹೊತ್ತಿಗೆ ನನಗೆ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಅಲ್ಲಿ ಯಾರೂ ಮುಖ ತಿರುಗಿಸಲಿಲ್ಲ. ಆ ಸಾಲಿನಲ್ಲೇ ಧಾರವಾಡದವರೂ ಬಂದರು. ನನ್ನ ಕೈ ಹಿಡಿದು, "ನಿಮ್ಮ ಮನಿಯವರು ಭಾಳ ಚೊಲೋ ಇದ್ರು. ನಾ ಆವತ್ತ ಹೇಳಬೇಕಿತ್ತು" ಅಂದರು. ಅವರ ಮೇಲಿದ್ದ ಸಿಟ್ಟು ಇಳಿಯಿತು.

ಸಾವಿನ ಮನೆಯಿಂದ ಹೊರಡುವಾಗ ನಾವು "ಬರ್ತೀನಿ" ಅನ್ನುವುದಿಲ್ಲ. ಹಾಗಾಗಿ ತೆಪ್ಪಗೆ ಚಪ್ಪಲಿ ಹುಡುಕಿಕೊಂಡೆ. ಮುದುಕರು ಹಿಂದೆಯೇ ಬಂದರು. "ಹೇಳದೆ ಹೋಗ್ತೀಯಾ?" ಹೀಗೆ ಹೀಗೆ ನಮ್ಮ ಪದ್ಧತಿ ಅಂತ ವಿವರಿಸಿದೆ. ಕೂಲಂಕಷವಾಗಿ ಕೇಳಿ ತಲೆಯಾಡಿಸಿದರು.

"ಸರಿ, ನೀನು ಹೇಳಬೇಡ, ನಾನೇ ಹೇಳ್ತೀನಿ. ನಾಳೆ ಮೂರನೇ ದಿನ, ಬೆಳಿಗ್ಗೆ ಎಂಟಕ್ಕೆ ಬಾ. ಕೆಳಗಿನ ಹಳ್ಳಿಯವರು ಇನ್ನೂ ನಿನ್ನನ್ನು ನೋಡಿಲ್ಲ."

ಉಳಿದವರು ಮಸ್ಕತ್ತಿಗೆ ಹೋದರು. ನಾನು ಉಳಿದೆ. ಎಂಟಕ್ಕೆ ಹೋಗಿ ಅದೇ ಜಾಗದಲ್ಲಿ ನಿಂತೆ. ಕೆಳಗಿನ ಹಳ್ಳಿಯವರು ಬಂದರು, ಕೈ ಕುಲುಕಿದರು. ಅವರಲ್ಲೊಬ್ಬರು ಹಿರಿಯರು ನನ್ನನ್ನು ಮನೆಯವನೆಂದೇ ತಿಳಿದು, ಕಣ್ಣೊರೆಸಿಕೊಳ್ಳುತ್ತಾ, ಕಿವಿಯ ಹತ್ತಿರ ಬಾಗಿ, ಬಚ್ಚಲು ಎಲ್ಲಿ ಅಂತ ಕೇಳಿದರು.

ನಾನೂ ಕಣ್ಣೊರೆಸಿಕೊಂಡು, ಮುಂದೆ ನಡೆದು ತೋರಿಸಿದೆ.