ಎರಡು ಗಂಟೆಯ ಹಿಟ್ಟು

"ಇವತ್ತಿನ ಬ್ರೆಡ್ಡು ನನ್ನದು! ಯಾರೂ ಅಡಿಗೆಮನೆಗೆ ಕಾಲಿಡಕೂಡದು!" ಎಂದು ನಿವೃತ್ತ ಪ್ರೂಫ್ ರೀಡರು ಬೆಳಿಗ್ಗೆಯೇ ಘೋಷಿಸಿದರು. ಆ 'ಯಾರೂ' ಎಂದರೆ ಮಗಳೊಬ್ಬಳೇ. ಹೆಂಡತಿ ತೀರಿಹೋಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅಂಗಡಿಯ ಬ್ರೆಡ್ಡೇ ಗತಿ.

ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಬೇಟೆಯಾಡಿದ ಮಹಾಶೂರರು ಅವರು! ಹೆಂಡತಿ ಬರೆದಿಟ್ಟ ಅಡಿಗೆ ಪುಸ್ತಕದಲ್ಲಿ ಮಾತ್ರ ಒಂದೂ ಸಿಕ್ಕಿರಲಿಲ್ಲ. "ಸಿಕ್ಕಿದ ದಿನ ಹೇಳಿ, ಒಪ್ಕೋತೀನಿ" ಎಂದು ಆಕೆ ಕೆಣಕುತ್ತಿದ್ದಳು.

'ಚಳಿಗಾಲದಲ್ಲಿ ಹಿಟ್ಟನ್ನು ಎರಡು ಗಂಟೆ ಮುಚ್ಚಿಡುವುದು' ಎಂದಿತ್ತು ಪುಸ್ತಕ. ಕ್ಯಾಲೆಂಡರಿನ ಪ್ರಕಾರ ಚಳಿಗಾಲವೇ. ಬೆವರು ಒರೆಸಿಕೊಳ್ಳುತ್ತ ಹಿಟ್ಟು ನಾದಿದರು, ಮುಚ್ಚಿದರು, ಅಲಾರಂ ಇಟ್ಟು ಮಲಗಿದರು.

ಎದ್ದು ಬಂದರೆ ಹಿಟ್ಟು ಮುಚ್ಚಳವನ್ನು ಪದಚ್ಯುತಗೊಳಿಸಿ, ಚಮಚಗಳನ್ನು ನುಂಗಿ, ಡ್ರಾಯರಿನ ಮೇಲೆ ದಂಡೆತ್ತಿ ಹೊರಟಿತ್ತು! ಈ ಕಡೆ ಹಿಡಿದರೆ ಆ ಕಡೆ ಜೋತುಬಿತ್ತು. ಜಾರುತ್ತಿದ್ದ ಕನ್ನಡಕವನ್ನು ಅದೇ ಕೈಯಲ್ಲಿ ಏರಿಸಿದರು. ಜಗತ್ತೇ ಬೆಳ್ಳಗಾಯಿತು.

"ಅಪ್ಪಾ! ಇದೇನು ಅವತಾರ?"

"ನಂದೇನೂ ತಪ್ಪಿಲ್ಲ! ಎರಡು ಗಂಟೆ ಅಂತ ನಿಮ್ಮಮ್ಮನೇ ಬರೆದಿದ್ದಾಳೆ. ಕೊನೆಗೂ ಸಿಕ್ಕಿಬಿದ್ಲು! ತಗೊಂಡು ಬಾ ಕೆಂಪು ಪೆನ್ನು!"

ಮಗಳು ಪೆನ್ನು ತಂದಳು. ಕನ್ನಡಕ ಒರೆಸಿಕೊಟ್ಟಳು. ನಗಲಿಲ್ಲ.

"ಅಮ್ಮ ಇದನ್ನ ಬರೆದಾಗ ನಾನು ಸ್ಕೂಲಲ್ಲಿದ್ದೆ. ಇದೇ ತಿಂಗಳು, ಇದೇ ಅಡಿಗೆಮನೇಲಿ ಬಾಯಿ ಬಿಟ್ರೆ ಹೊಗೆ ಬರ್ತಿತ್ತು. ಈಗ ಫ್ಯಾನ್ ಹಾಕ್ಕೊಂಡು ನಿಂತಿದ್ದೀವಿ. ಈ ಸೆಕೇಲಿ ಹಿಟ್ಟು ಒಂದೇ ಗಂಟೇಲಿ ಉಬ್ಬುತ್ತೆ. ಅಮ್ಮ ತಪ್ಪು ಬರೆದಿಲ್ಲಪ್ಪ. ಆ ಚಳೀನೇ ಹೋಯ್ತು. ಒಂದು ಗಂಟೆ ಅಂತ ತಿದ್ದಿಬಿಡು."

ಅವರು ಪೆನ್ನಿನ ಮುಚ್ಚಳ ತೆಗೆದರು. ಊರವರ ಮೇಲೆಲ್ಲ ಓಡಿದ ಪೆನ್ನು ಅಲ್ಲೇ ನಿಂತಿತು. ಹಿಟ್ಟು ಉಬ್ಬುವ ಆ ಎರಡು ಗಂಟೆ ಗಂಡ ಹೆಂಡತಿ ಒಂದೇ ಶಾಲು ಹೊದ್ದು, ಒಲೆಯ ಮುಂದೆ ಜಗಳವಾಡುತ್ತ ಕೂರುತ್ತಿದ್ದರು. ತಿದ್ದಿದರೆ ಅದರಲ್ಲೂ ಒಂದು ಗಂಟೆ ಹೋಯಿತಲ್ಲ! ಮುಚ್ಚಳವನ್ನು ಮತ್ತೆ ಪೆನ್ನಿಗೆ ಹಾಕಿದರು.

"ಬೇಡಮ್ಮ. ನಾಳೆ ಹಿಟ್ಟನ್ನ ಫ್ರಿಜ್ಜಲ್ಲಿಡೋಣ."

"ಫ್ರಿಜ್ಜಲ್ಲಿಟ್ರೆ ಸಂಜೆ ತನಕ ಕಾಯ್ಬೇಕಾಗುತ್ತೆ!"

"ಕಾಯ್ತೀನಿ, ನನಗೇನು ಅವಸರ? ಆ ಶಾಲು ಎಲ್ಲಿಟ್ಟಿದ್ದಾಳೆ, ಸ್ವಲ್ಪ ನಿಮ್ಮಮ್ಮನ್ನ ಕೇಳು."

ಆ ಮನೆಯಲ್ಲಿ ಅವತ್ತು ಆದ ತಪ್ಪು ಅದೊಂದೇ. ಮಗಳು ಅದನ್ನು ತಿದ್ದಲಿಲ್ಲ.