ಮಾಳಿಗೆಯಿಂದ ಕಂಡ ಹಾಳೂರು

ಕೆಲವರಿಗೆ ಕಾಶಿ ನೋಡುವ ಆಸೆ, ಕೆಲವರಿಗೆ ಕಾಶ್ಮೀರ. ನನಗೆ ಹಾಳೂರು ನೋಡುವ ಹುಚ್ಚು. ಓಣಿಯಲ್ಲಿ ಹುಲ್ಲು ಬೆಳೆದಿರಬೇಕು, ಮಾತಾಡಿಸುವವರು ಯಾರೂ ಇರಬಾರದು. ಮೊಬೈಲಿನಲ್ಲಿ ಅಂಥ ಊರುಗಳ ಚಿತ್ರ ನೋಡುತ್ತ ಗಂಟೆಗಟ್ಟಲೆ ಕೂತುಬಿಡುತ್ತೇನೆ. ರಾಯಬಾಗದ ಶಾಲೆಯಲ್ಲಿ ದಿನವಿಡೀ ಮಕ್ಕಳ ಗದ್ದಲ ಕೇಳುವ ಮಾಸ್ತರನಿಗೆ ಇನ್ನೆಂಥ ಸ್ವರ್ಗ ಬೇಕು ಹೇಳಿ! ಆದರೆ ನನ್ನ ಹೆಂಡತಿ ಸುನಂದಾಳಿಗೆ ಇದು ಹಿಡಿಸದು. "ಮಂದಿ ಇರೋ ಊರ ತೋರಸ್ರಿ ಅಂದ್ರ ಮಂದಿ ಬಿಟ್ಟಹೋದ ಊರಿನ ಚಿಂತಿ ಮಾಡತೀರಲ್ರಿ! ಮೊದ್ಲ ಕೊಲ್ಲಾಪುರ ತೋರಸ್ರಿ" ಎನ್ನುತ್ತಾಳೆ. ಮದುವೆಯಾದಾಗಿನಿಂದ ಎನ್ನುತ್ತಲೇ ಇದ್ದಾಳೆ.

ನಮ್ಮದು ಕರೋಶಿ ಕಡೆಯ ಸಣ್ಣ ಹಳ್ಳಿ. ರೋಗರುಜಿನ ಬಾರದಿರಲೆಂದು ಅಲ್ಲಿ 'ವಾರ ಬಿಡುವ' ಪದ್ಧತಿ ಉಂಟು. ಗೊತ್ತು ಮಾಡಿದ ಮಂಗಳವಾರ ಯಾರೂ ಒಲೆ ಹಚ್ಚುವಂತಿಲ್ಲ. ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಹಿಂದಿನ ದಿನದ ರೊಟ್ಟಿ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗಿ ಸಂಜೆಗೆ ಮರಳಬೇಕು. ಒಬ್ಬ ಒಳಗೆ ಉಳಿದು ಸಿಕ್ಕಿಬಿದ್ದರೂ ವಾರ ಕೆಟ್ಟಿತು, ಊರಿಗೆ ಊರೇ ಮತ್ತೊಮ್ಮೆ ಹೊರಬೀಳಬೇಕು. ಇದನ್ನು ಮನೆಮನೆಗೆ ಹೋಗಿ ಕಣ್ಣು ಕೆಂಪು ಮಾಡಿ ಸಾರುವವರು ನಮ್ಮ ಎದುರುಮನೆಯ ಬಾಬು ಕಾಕಾ.

ಈ ಸಲ ಅವರು ಸಾರುತ್ತಿರುವಾಗ ನನ್ನ ತಲೆಯಲ್ಲಿ ಫಕ್ಕನೆ ಹೊಳೆಯಿತು. ಅಯ್ಯೋ, ಮನೆಬಾಗಿಲಿಗೆ ಬಂದ ಹಾಳೂರನ್ನು ಬಿಟ್ಟು ನಾನು ಜಗತ್ತೆಲ್ಲ ಹುಡುಕುತ್ತಿದ್ದೇನಲ್ಲ! ಮಂಗಳವಾರ ಶಾಲೆಗೆ ರಜೆ ಹಾಕಿ, ಬೆಳಗ್ಗೆ ಸುನಂದಾಳಿಗೆ, "ನಾ ಮುಂದ ಹೋಗಿರತೇನಿ" ಎಂದು ಕೂಗಿ ಹೇಳಿ, ಹಿತ್ತಲಿನಿಂದ ಮರಳಿ ಬಂದು ಮಾಳಿಗೆ ಏರಿ ಕೂತೆ. ಕೆಳಗೆ ಬೀಗ ಬಿದ್ದ ಸದ್ದು ಕೇಳಿಸಿತು. ಹಿತ್ತಲಿಗೂ ಒಂದು ಬಿತ್ತು. ಆಗ ತಿಳಿಯಿತು, ಓಣಿ ಸುತ್ತುವ ಭಾಗ್ಯ ನನಗಿಲ್ಲ ಎಂದು.

ಇರಲಿ, ಮಾಳಿಗೆಯಿಂದಲೇ ನೋಡಿದೆ. ಎಂಥ ಚೆಂದ! ಎಮ್ಮೆ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಮಿಕ್ಸರ್ ಸದ್ದಿಲ್ಲ. ಖುಷಿಯಿಂದ ಕುಣಿಯುವುದೊಂದು ಬಾಕಿ. ಅರ್ಧ ತಾಸು ಕಳೆದಿರಬೇಕು, ಎದುರಿನ ಮಾಳಿಗೆಯಲ್ಲಿ ಯಾರೋ ಕೆಮ್ಮಿದರು. ನೀರಿನ ಟಾಕಿಯ ಹಿಂದಿನಿಂದ ಒಂದು ಬಿಳಿ ಟೋಪಿ ಮೇಲೆದ್ದಿತು. ಸಾಕ್ಷಾತ್ ಬಾಬು ಕಾಕಾ!

ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡಿದೆವು.

"ಮಾಸ್ತರ, ನೀ ಇಲ್ಲೇನ ಮಾಡಾಕತ್ತಿ?"

"ನೀವೇನ ಮಾಡಾಕತ್ತೀರಿ ಕಾಕಾ?"

"ನಲವತ್ತ ವರ್ಷ ಊರ ಖಾಲಿ ಮಾಡಸೇನಪಾ. ಖಾಲಿ ಆದಮ್ಯಾಲ ಹೆಂಗ ಕಾಣತೈತಿ ಅಂತ ಒಮ್ಮೆ ಆದ್ರೂ ನೋಡಬ್ಯಾಡೇನ? ಸೊಸಿ ಕೀಲಿ ಜಡದ ಹೋಗ್ಯಾಳ. ಯಾರಿಗೂ ಹೇಳಬ್ಯಾಡ, ವಾರ ಕೆಟ್ಟರ ನನ್ನ ಮಾನ ಹೋಗತೈತಿ."

ಮಧ್ಯಾಹ್ನದ ಹೊತ್ತಿಗೆ ಬುತ್ತಿಯೂ ಇಲ್ಲ, ಬಿಸಿಲಿಗೆ ನೆರಳೂ ಇಲ್ಲ. ಊರು ಬಣಬಣ ಅನ್ನುತ್ತಿತ್ತು. ನಿಜ ಹೇಳುತ್ತೇನೆ, ಆ ಮಿಕ್ಸರ್ ಸದ್ದಿಗಾಗಿ ಜೀವ ಹಾತೊರೆಯಿತು. "ಏನಾರ ಮಾತಾಡೋ ಮಾರಾಯಾ" ಎಂದರು ಕಾಕಾ. ಮೌನ ಹುಡುಕಿಕೊಂಡು ಉಳಿದ ನಾವಿಬ್ಬರೂ ಸಂಜೆಯವರೆಗೆ ಓಣಿಯ ಆಚೀಚೆ ಬಾಯಿ ಮುಚ್ಚಲಿಲ್ಲ.

ಸಂಜೆ ಸುನಂದಾ ಬೀಗ ತೆಗೆದು ನೆಟ್ಟಗೆ ಮಾಳಿಗೆಗೇ ಬಂದಳು. "ನೋಡಿದ್ದ ಆತ್ರೀ ಹಾಳೂರ? ಮುಂದ ಹೋದವರ ಚಪ್ಪಲಿ ಬಾಗಿಲದಾಗ ಇದ್ದೂವಲ್ರಿ. ಕಾಕಾನ ಚಪ್ಪಲೀನೂ ಅವರ ಬಾಗಿಲದಾಗ ಇದ್ದೂವಂತ, ಅವರ ಸೊಸಿ ಹೇಳಿದ್ಲು. ನಾವೇನ ಯಾರ ಮುಂದೂ ಬಾಯಿ ಬಿಡಂಗಿಲ್ಲ ಬಿಡ್ರಿ." ಆಮೇಲೆ ನಗುತ್ತ ಒಂದೇ ಮಾತು ಸೇರಿಸಿದಳು: "ಕೊಲ್ಲಾಪುರ."

ಮುಂದಿನ ಭಾನುವಾರ ಕೊಲ್ಲಾಪುರದ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸುನಂದಾ ಮತ್ತು ಕಾಕಾನ ಸೊಸೆ ಸೀರೆ ಅಂಗಡಿಯೊಳಗೆ ಮಾಯವಾಗಿದ್ದರು. ಹೊರಗೆ ಎರಡೂ ಕೈಯಲ್ಲಿ ಚೀಲ ಹಿಡಿದು, ಬಂದುಹೋಗುವವರಿಂದೆಲ್ಲ ಗುದ್ದಿಸಿಕೊಳ್ಳುತ್ತ ನಾನು ನಿಂತಿದ್ದೆ. ಪಕ್ಕದಲ್ಲಿ ನನಗಿಂತ ಎರಡು ಚೀಲ ಹೆಚ್ಚು ಹಿಡಿದ ಬಾಬು ಕಾಕಾ. ಬೆವರು ಒರೆಸಿಕೊಳ್ಳಲೂ ಕೈ ಖಾಲಿ ಇಲ್ಲದೆ, ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಮಾಸ್ತರ, ಮುಂದಿನ ವಾರ ಯಾವತ್ತ ಬಿಡೂಣು?"